ಕೋಲಾರದ ಸಂಸದರಿಗೆ: ಒಂದು ಬಂಗಲೆ, ಒಂದು ಸಾಲು ಲೈನ್ ಮನೆ

ಮಾನ್ಯ ಸಂಸದರಿಗೆ ನಮಸ್ಕಾರ.

ಮುಚ್ಚಿಹೋದ ನಮ್ಮ ಕೋಲಾರದ ಚಿನ್ನದ ಗಣಿಯ ನೆನಪು ಉಳಿಸಲು ಒಂದು ಸಂಗ್ರಹಾಲಯ ಬೇಕು ಎಂದು ಕೇಳಲು ಈ ಪತ್ರ. ನಾನು ಕೆ.ಜಿ.ಎಫ್.ನ (ಕೋಲಾರ ಚಿನ್ನದ ಗಣಿ ಪ್ರದೇಶದ) ಮಾರಿಕುಪ್ಪಂನಲ್ಲಿ ಬೆಳೆದವನು. ಹೊಟ್ಟೆಪಾಡಿಗೆ ಈಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿದ್ದೇನೆ. ಹೋದ ತಿಂಗಳು ಮನೆಯವರ ಜೊತೆ ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಗ್ರಾಸ್ ವ್ಯಾಲಿ ಎಂಬ ಊರಿಗೆ ಹೋಗಿದ್ದೆ. ನನ್ನ ಹೆಂಡತಿಗೆ ಅಲ್ಲಿನ ಗುಲಾಬಿ ತೋಟ ನೋಡುವ ಆಸೆ. ನನಗೆ ಗೊತ್ತಿದ್ದದ್ದು ಇಷ್ಟೇ: ಅಲ್ಲೊಂದು ಹಳೆಯ ಚಿನ್ನದ ಗಣಿ ಇತ್ತು, ಮುಚ್ಚಿತು.

ಅದರ ಹೆಸರು ಎಂಪೈರ್ ಮೈನ್. 1850ರಲ್ಲಿ ಶುರುವಾಗಿ 1956ರಲ್ಲಿ ನಿಂತಿತು. ಅದೇ 1956ರಲ್ಲಿ ನಮ್ಮ ಗಣಿಗಳನ್ನು ಮೈಸೂರು ಸರ್ಕಾರ ಅವನ್ನು ನಡೆಸುತ್ತಿದ್ದ ಬ್ರಿಟಿಷ್ ಜಾನ್ ಟೇಲರ್ ಕಂಪನಿಯಿಂದ ತನ್ನ ಕೈಗೆ ತೆಗೆದುಕೊಂಡದ್ದು ನಿಮಗೆ ಗೊತ್ತೇ ಇದೆ. 1975ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಆ ಜಾಗವನ್ನು ಕೊಂಡು ಉದ್ಯಾನ ಮಾಡಿತು. ಗಣಿಯ ಒಡೆಯ ವಿಲಿಯಂ ಬೋರ್ನ್ 1897ರಲ್ಲಿ ಕಟ್ಟಿಸಿದ ಮನೆ ಈಗ ನೋಡುವವರಿಗೆ ತೆರೆದಿದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಜಮೀನುದಾರರ ಮನೆಗಳ ಧಾಟಿ. ಗೋಡೆಗೆ ಹಾಕಿರುವುದು ಗಣಿಯಿಂದ ಎತ್ತಿ ಬಿಸಾಕಿದ ಕಲ್ಲು, ಒಳಗೆಲ್ಲ ಕೆಂಪು ಮರದ ಹಲಗೆ. ಇಷ್ಟು ದೊಡ್ಡ ಮನೆಗೆ ಅವರು ಇಟ್ಟ ಹೆಸರು 'ಕಾಟೇಜ್'! ಸಾಹೇಬರು ಬೇಸಿಗೆಯಲ್ಲಿ ಬಂದು ಕೆಲವು ವಾರ ಇದ್ದು ಹೋಗುತ್ತಿದ್ದರಂತೆ.

ಹಳೆಯ ಕಾಲದ ಉದ್ದ ಲಂಗ ತೊಟ್ಟ ಸ್ವಯಂಸೇವಕಿಯೊಬ್ಬರು ಮನೆ ತೋರಿಸಿದರು. ಊಟದ ಮೇಜು, ಬೆಳ್ಳಿ ಸಾಮಾನು, ಅಗ್ಗಿಷ್ಟಿಕೆ. ನಾನು ಕೇಳಿದೆ, "ಕೆಲಸಗಾರರು ಎಲ್ಲಿರುತ್ತಿದ್ದರು?" ಅವರು ಕಿಟಕಿಯಾಚೆ ಕೈ ತೋರಿಸಿ, "ಕೆಳಗೆ, ಊರಿನ ಕಡೆ" ಎಂದರು. ಅಷ್ಟೇ.

ಆ ಊರಿಗೆ ಬಂದ ಗಣಿಗಾರರಲ್ಲಿ ಹೆಚ್ಚಿನವರು ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅಲ್ಲಿನ ತಾಮ್ರ, ತವರದ ಗಣಿಗಳು ಬಿದ್ದುಹೋದ ಮೇಲೆ ಹೊಟ್ಟೆಪಾಡಿಗೆ ದೇಶಾಂತರ ಹೋದ ಜನ. ಜಾನ್ ಟೇಲರ್ ಕಂಪನಿ 1880ರ ನಂತರ ಕೋಲಾರಕ್ಕೆ ಮೇಸ್ತ್ರಿಗಳನ್ನಾಗಿ ಕರೆತಂದದ್ದೂ ಅವರನ್ನೇ. ಗ್ರಾಸ್ ವ್ಯಾಲಿಯ ಬೀದಿಯಲ್ಲಿ ಇವತ್ತಿಗೂ ಕಾರ್ನ್‌ವಾಲ್‌ನ ಪೇಸ್ಟಿ ಮಾರುತ್ತಾರೆ. ಮಾಂಸ, ಆಲೂಗಡ್ಡೆ ತುಂಬಿದ ಕರ್ಜಿಕಾಯಿ ಅಂದುಕೊಳ್ಳಿ, ಗಣಿಯೊಳಗೆ ಒಯ್ಯುತ್ತಿದ್ದ ಬುತ್ತಿ. ತಿನ್ನುತ್ತಾ ನನಗೆ ತಾತನ ಬುತ್ತಿಯ ರಾಗಿಮುದ್ದೆ ನೆನಪಾಯಿತು.

ಆದರೆ ನನ್ನನ್ನು ಕಾಡಿದ್ದು ಬೇರೆ. ಗಣಿಯ ಕಚೇರಿಯಲ್ಲಿ ಒಂದು ಕೋಣೆ ಇದೆ. ಅದರಲ್ಲಿ ನೆಲದೊಳಗಿನ ಎಲ್ಲ ಸುರಂಗಗಳ ಮಾದರಿ, ಬಣ್ಣ ಬಣ್ಣದ್ದು. ಒಟ್ಟು 367 ಮೈಲಿ ಸುರಂಗ. ಗಣಿ ನಡೆಯುತ್ತಿದ್ದಾಗ ಆ ಕೋಣೆಗೆ ಬೀಗ. ಮ್ಯಾನೇಜರು, ಎಂಜಿನಿಯರು ಬಿಟ್ಟರೆ ಯಾರಿಗೂ ಪ್ರವೇಶವಿಲ್ಲ. ಒಳಗೆ ಇಳಿದು ಕೊರೆದವನಿಗೇ ತಾನು ಕೊರೆದದ್ದು ಎಲ್ಲಿಗೆ ಹೋಗಿ ಸೇರಿತು ಅಂತ ನೋಡುವ ಹಾಗಿರಲಿಲ್ಲ. ಈಗ ಶಾಲೆಯ ಮಕ್ಕಳು ಅದರ ಮುಂದೆ ನಿಂತು ಬಾಯಿ ಬಿಡುತ್ತಾರೆ.

ಇಷ್ಟು ಮಾಡಿರುವ ಆ ಗಣಿ ನೂರಾ ಆರು ವರ್ಷದಲ್ಲಿ ಕೊಟ್ಟದ್ದು ಸುಮಾರು 180 ಟನ್ ಚಿನ್ನ. ನಮ್ಮದು ಸುಮಾರು 800 ಟನ್. ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗಿಂತ ಮುಂಚೆ ಬಂದದ್ದು ನಮ್ಮೂರಿಗೆ. 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಹಿಡಿದದ್ದು ಅದೇ ಗಣಿಯ ಹೊಟ್ಟೆಯಲ್ಲಿ. ಇದನ್ನೆಲ್ಲ ಹೇಳಲು ನಮ್ಮಲ್ಲಿ ಅಂಥ ಒಂದು ಕೋಣೆ ಬೇಡವೇ?

ನಿಮಗೇ ಬರೆಯುತ್ತಿರುವುದಕ್ಕೆ ಕಾರಣವಿದೆ. 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯದು (ಬಿ.ಜಿ.ಎಂ.ಎಲ್.). ಬೆಂಗಳೂರಿನಲ್ಲಿ ಮನವಿ ಕೊಟ್ಟರೆ "ಅದು ದಿಲ್ಲಿಯ ವಿಷಯ" ಎನ್ನುತ್ತಾರೆ. ದಿಲ್ಲಿಯಲ್ಲಿ ನಮ್ಮ ಪರವಾಗಿ ಎದ್ದು ನಿಲ್ಲಬೇಕಾದವರು ನೀವು.

ಗಣಿಯ ಸರ್ವೆ ನಕ್ಷೆಗಳು, ಹಾಜರಿ ಪುಸ್ತಕಗಳು, ಅಪಘಾತದ ದಾಖಲೆಗಳು ಇವತ್ತು ಯಾರ ಸುಪರ್ದಿಯಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಲೋಕಸಭೆಯಲ್ಲಿ ಮೊದಲು ಒಂದು ಪ್ರಶ್ನೆ ಹಾಕಿ. ಲಿಖಿತ ಉತ್ತರ ಬರಲಿ. ಆಮೇಲೆ ಗಣಿ ಸಚಿವಾಲಯದಿಂದ ಸಂಗ್ರಹಾಲಯಕ್ಕೆ ಬ್ರಿಟಿಷರ ಕಾಲದ ಒಂದೇ ಒಂದು ಬಂಗಲೆ ಬಿಡಿಸಿಕೊಡಿ. ಹೊಸ ಕಟ್ಟಡ, ಗಾಜಿನ ಗೋಪುರ, ಬಣ್ಣದ ದೀಪ ಏನೂ ಬೇಡ. ಸೂರು ಸೋರದಿದ್ದರೆ ಸಾಕು.

ಆದರೆ ಬಂಗಲೆಯೊಂದನ್ನೇ ತೆಗೆದುಕೊಂಡರೆ ಗ್ರಾಸ್ ವ್ಯಾಲಿಯ ತಪ್ಪನ್ನೇ ನಾವೂ ಮಾಡಿದಂತೆ. ಬೆಳ್ಳಿ ಚಮಚ ಉಳಿಯುತ್ತದೆ, ಕೆಲಸಗಾರ ಕಿಟಕಿಯಾಚೆಗೇ ಉಳಿಯುತ್ತಾನೆ. ಆದ್ದರಿಂದ ಬಂಗಲೆಯ ಜೊತೆಗೆ ಕೆಲಸಗಾರರು ಇರುತ್ತಿದ್ದ ಒಂದು ಸಾಲು ಲೈನ್ ಮನೆಯೂ ಬೇಕು. ತಲೆ ಬಗ್ಗಿಸಿ ಒಳಗೆ ಹೋಗಬೇಕಾದ, ಆರೇಳು ಜನ ಮಲಗುತ್ತಿದ್ದ ಆ ಮನೆ. ರಾತ್ರಿ ಭೂಮಿಯೊಳಗೆ ಬಂಡೆ ಸಿಡಿದರೆ ನಮ್ಮ ಮನೆಯ ಅಟ್ಟದ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಅಜ್ಜಿ ಎದ್ದು ಕೂತುಬಿಡುತ್ತಿದ್ದಳು, ಯಾವ ಶಾಫ್ಟ್, ಯಾರ ಪಾಳಿ ಅಂತ ಲೆಕ್ಕ ಹಾಕುತ್ತಾ. ತಾತ ಗಣಿಯಲ್ಲಿ ಸಾಯಲಿಲ್ಲ. ಎದೆಯಲ್ಲಿ ಕಲ್ಲುಪುಡಿ ತುಂಬಿಕೊಂಡು ಮನೆಯಲ್ಲಿ, ಕೆಮ್ಮುತ್ತಾ, ನಿಧಾನಕ್ಕೆ ಹೋದ. ಆ ಕೆಮ್ಮನ್ನು ಯಾವ ಬಂಗಲೆಯೂ ಹೇಳುವುದಿಲ್ಲ.

ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ರಾಶಿ ಬಿದ್ದ ನಮ್ಮ ಸೈನೈಡ್ ಗುಡ್ಡದ ಮಾತನ್ನೂ ಆ ಸಂಗ್ರಹಾಲಯದಲ್ಲಿ ಬಚ್ಚಿಡಬಾರದು. ಎಂಪೈರ್ ಮೈನ್‌ನಲ್ಲೂ ಮಣ್ಣಿನಲ್ಲಿ ಉಳಿದ ಆರ್ಸೆನಿಕ್ ವಿಷವನ್ನು ತೆಗೆಯಲು ಕೆಲವು ದಾರಿಗಳನ್ನೇ ಮುಚ್ಚಿದ್ದರು.

ಇದಕ್ಕೆ ಅವಸರ ಯಾಕೆಂದರೆ, ಗಣಿ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದವರು ಈಗ ಅರವತ್ತರ ಹತ್ತಿರ ಇದ್ದಾರೆ. ಅವರಿಗಿಂತ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅವರ ಮಾತು ರೆಕಾರ್ಡ್ ಆಗಬೇಕು. ಅದಕ್ಕೆ ಬಂಗಲೆ ಸಿಗುವವರೆಗೂ ಕಾಯಬೇಕಿಲ್ಲ. ನಿಮ್ಮ ಸಂಸದರ ನಿಧಿಯ ನಿಯಮದಲ್ಲಿ ಅವಕಾಶವಿದೆಯೇ ಎಂದು ಕಚೇರಿಯವರಿಂದ ತಿಳಿಸಿದರೆ ಉಪಕಾರ. ಇಲ್ಲವಾದರೆ ಆ ಖರ್ಚಿಗೆ ನಾವೇ ಚಂದಾ ಎತ್ತುತ್ತೇವೆ. ನಮ್ಮೂರಿನವರು ಹೊರಗೆ ಬೇಕಾದಷ್ಟು ಜನ ಇದ್ದೇವೆ.

ತಾತನ ಗಣಿ ಟೋಪಿ ಇನ್ನೂ ನಮ್ಮ ಮನೆಯಲ್ಲಿದೆ. ಜಾಗ ಸಿಕ್ಕ ದಿನ ತಂದು ಕೊಡುತ್ತೇನೆ.

ಇಂತಿ,
ಮಾರಿಕುಪ್ಪಂನ ಒಬ್ಬ ಗಣಿಗಾರನ ಮೊಮ್ಮಗ