ಅದೇ ಮುಖಗಳು ಎದುರಿಗೆ ಕೂತರೆ

ಪ್ರೀತಿಯ ಪುಟ್ಟಿಗೆ, ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಎಂ.ಎಸ್ಸಿ. ಪ್ರವೇಶದ ಜಾಮ್ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿದ್ದು, ನಿಮ್ಮಪ್ಪ ಬಿ.ಎಡ್. ಮಾತು ಎತ್ತಿದ್ದು, ಅಮ್ಮ ಮಧ್ಯೆ ಬಾಯಿ ಹಾಕಿದ್ದು ಎಲ್ಲ ನನಗೂ ಗೊತ್ತು, ನಿನಗೂ ಗೊತ್ತು. ಅದು ಹಾಗಿರಲಿ. ಕೊನೆಯ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲಿದೆಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. "ಅತ್ತೆ, ಇಂಟರ್‌ವ್ಯೂಗೆ ಹೋದಾಗ ಮತ್ತೆ ಅದೇ ಪ್ರೊಫೆಸರುಗಳು ಕೂತಿದ್ದು, ನನ್ನನ್ನು ಗುರುತು ಹಿಡಿದುಬಿಟ್ಟರೆ?"

ಓದಿ ಮಡಚಿಟ್ಟೆ. ರಾತ್ರಿ ಮತ್ತೆ ತೆಗೆದು ಓದಿದೆ. "ಎಷ್ಟೋ ಜನ ಬಂದು ಹೋಗುತ್ತಾರೆ, ನಿನ್ನದೊಂದು ಮುಖ ಯಾರಿಗೆ ನೆನಪಿರುತ್ತೆ ಬಿಡು" ಅಂತ ಬರೆದು ಸಮಾಧಾನ ಮಾಡಬಹುದಿತ್ತು. ನೀನು ಅದನ್ನು ನಂಬುವವಳಲ್ಲ. ನನಗೂ ಹಾಗೆ ಹೇಳುವ ಧೈರ್ಯ ಇಲ್ಲ. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಭೌತಶಾಸ್ತ್ರದ ಮೇಷ್ಟರುಗಳು ಒಂದು ವರ್ಷದಲ್ಲಿ ಎಲ್ಲಿಗೆ ಹೋಗುತ್ತಾರೆ? ಒಬ್ಬಿಬ್ಬರಾದರೂ ಅವರೇ ಇರಬಹುದು. ಅವರಲ್ಲಿ ಒಬ್ಬರಿಗೆ ನಿನ್ನ ಗುರುತು ಸಿಗಲೂಬಹುದು. ಸಿಗುತ್ತದೆ ಅಂತಲೇ ಇಟ್ಟುಕೊಳ್ಳೋಣ.

ಸಿಕ್ಕರೆ, ಅವರಿಗೆ ಏನು ನೆನಪಾಗುತ್ತದೆ?

ಮೇ ತಿಂಗಳಲ್ಲಿ ಇಂಟರ್‌ವ್ಯೂ ಮುಗಿಸಿ ನೀನು ಫೋನಿನಲ್ಲಿ ಅಳುತ್ತಾ ಹೇಳಿದಾಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಈಗ ಕಾಗದದಲ್ಲಿ ಓದಿದ ಮೇಲೆ ಅರ್ಥವಾಯಿತು. ಇಷ್ಟದ ವಿಷಯ ಯಾವುದು ಅಂತ ಕೇಳಿದರು, ಮೆಕ್ಯಾನಿಕ್ಸ್ ಅಂದೆ. ಲಿಫ್ಟಿನ ಹಗ್ಗ ಕಡಿದರೆ ಒಳಗೆ ತೂಗುತ್ತಿರುವ ಲೋಲಕಕ್ಕೆ ಏನಾಗುತ್ತದೆ ಅಂದರು. ಹಿಂದಕ್ಕೆ ಎಳೆಯುವ ಬಲ ಇರುವುದಿಲ್ಲ, ತೂಗಾಟ ನಿಂತುಹೋಗುತ್ತದೆ ಅಂದೆ. ಸರಿಯಾಗಿಯೇ ಹೇಳಿದ್ದೀಯ. ಲೋಲಕದ ಬದಲು ಸ್ಪ್ರಿಂಗಿಗೆ ಕಟ್ಟಿದ ತೂಕ ಇದ್ದರೆ ಅಂತ ಕೇಳಿದರು. ಅದೂ ನಿಲ್ಲುತ್ತದೆ ಅಂದುಬಿಟ್ಟೆ. "ಹೌದಾ?" ಅಂದರು ಒಬ್ಬರು. ಇನ್ನೊಬ್ಬರು "ಇಲ್ಲಿ ಹಿಂದಕ್ಕೆ ಎಳೆಯುವುದು ಯಾವುದು?" ಅಂದರು. ಅಲ್ಲಿಗೆ ನಿನ್ನ ಬಾಯಿ ಕಟ್ಟಿತು. ಸೀಮೆಸುಣ್ಣ ಹಿಡಿದು ನಿಂತೇಬಿಟ್ಟೆ.

ಪುಟ್ಟಿ, ಆ ಕೊನೆಯ ಪ್ರಶ್ನೆ ಗದರಿದ್ದು ಅಂತ ನೀನು ತಿಳಿದೆ. ಅವರು ಸುಳಿವು ಕೊಟ್ಟಿದ್ದರು. ಮುಕ್ಕಾಲು ಉತ್ತರ ಅವರ ಬಾಯಲ್ಲೇ ಬಂದಿತ್ತು. ಲೋಲಕವನ್ನು ಹಿಂದಕ್ಕೆ ತರುವುದು ಗುರುತ್ವ. ಸ್ಪ್ರಿಂಗಿನ ತೂಕವನ್ನು ಹಿಂದಕ್ಕೆ ತರುವುದು ಸ್ಪ್ರಿಂಗೇ. ಅದರ ಆಂದೋಲನದ ಅವಧಿಯ ಸೂತ್ರದಲ್ಲಿ ದ್ರವ್ಯರಾಶಿ ಇದೆ, ಸ್ಪ್ರಿಂಗಿನ ಬಿಗುವಿದೆ, ಗುರುತ್ವ ಎಲ್ಲೂ ಇಲ್ಲ. ಗುರುತ್ವ ಮಾಡುವುದಿಷ್ಟೇ: ತೂಕ ನಿಲ್ಲುವ ಜಾಗವನ್ನು ಸ್ವಲ್ಪ ಕೆಳಗೆ ಇಳಿಸುತ್ತದೆ. ಲಿಫ್ಟು ಬಿದ್ದರೆ ಆ ಜಾಗ ಮೇಲೆ ಸರಿದು ಸ್ಪ್ರಿಂಗಿನ ಸಹಜ ಉದ್ದಕ್ಕೆ ಹೋಗುತ್ತದೆ. ಅಂದಮೇಲೆ ಅಲ್ಲಾಡದೆ ಸುಮ್ನೆ ನೇತುಬಿದ್ದಿದ್ದ ತೂಕ ಕೂಡ ಹಗ್ಗ ಕಡಿದ ಕ್ಷಣದಿಂದ ಮೇಲೆ ಕೆಳಗೆ ಆಡಲು ಶುರು ಮಾಡುತ್ತದೆ. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಇದನ್ನೆಲ್ಲ ಬರೆದು ನೋಡಿದೆ. ಎಷ್ಟು ಚೆಂದದ ಪ್ರಶ್ನೆ! ಲೋಲಕದ ತೂಗಾಟ ನಿಲ್ಲುತ್ತದೆ, ಸುಮ್ಮನಿದ್ದ ತೂಕ ಕುಣಿಯುತ್ತದೆ. ಬಹಳ ದಿನದ ಮೇಲೆ ಒಂದು ಲೆಕ್ಕ ಮಾಡಿ ಖುಷಿಪಟ್ಟೆ.

ನಿನಗೆ ಇದು ಬರುವುದಿಲ್ಲ ಅಂತ ನಾನು ಒಪ್ಪುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಇದಕ್ಕಿಂತ ಕಷ್ಟದ್ದನ್ನು ನನಗೇ ಹೇಳಿಕೊಟ್ಟವಳು ನೀನು. ಆ ಹೊತ್ತಿನಲ್ಲಿ ನೀನು ಸ್ಪ್ರಿಂಗನ್ನು ಬಿಟ್ಟು ಅವರ ಮುಖಗಳನ್ನು ನೋಡಿದೆ. ಈಗ ಇಂಟರ್‌ವ್ಯೂಗೆ ಇನ್ನೂ ಎಷ್ಟೋ ತಿಂಗಳಿರುವಾಗಲೇ ಮತ್ತೆ ಮುಖಗಳನ್ನೇ ನೋಡುತ್ತಾ ಕೂತಿದ್ದೀಯ. ನನಗೆ ಸಂಕಟವಾದದ್ದು ಅದಕ್ಕೆ.

ಈ ಭಯ ನನಗೆ ಹೊಸದಲ್ಲ. ಕಾಯಂ ಆಗುವ ಮೊದಲು ನಾನು ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಈಗಿನ ಅತಿಥಿ ಉಪನ್ಯಾಸಕರ ಪಾಡೇ ಆಗ ನಮ್ಮದು. ಮಾರ್ಚಿಗೆ ಕೆಲಸ ಮುಗಿಯುತ್ತಿತ್ತು. ಜೂನ್ ಬಂದರೆ ಮತ್ತೆ ಅರ್ಜಿ, ಅದೇ ಪ್ರಿನ್ಸಿಪಾಲರ ಕೋಣೆ, ಹಸಿರು ಬಟ್ಟೆ ಹೊದಿಸಿದ ಅದೇ ಮೇಜು. ವರ್ಷವಿಡೀ ಸ್ಟಾಫ್ ರೂಮಿನಲ್ಲಿ ಜೊತೆಗೆ ಟೀ ಕುಡಿದವರು ಆ ದಿನ ಎದುರಿಗೆ ಕೂತು "ನಿಮ್ಮ ಹೆಸರು?" ಅಂತ ಕೇಳುತ್ತಿದ್ದರು. ಒಂದು ವರ್ಷ ನನ್ನನ್ನು ತೆಗೆದುಕೊಳ್ಳಲಿಲ್ಲ. ಮರುವರ್ಷ ಅಲ್ಲೇ ಹೋಗಿ ಕೂತಾಗ ಕಿವಿ ಕಾದುಹೋಗಿತ್ತು. ನೀನು ಹೆದರುವುದು ನನಗೆ ಆಗಿಯೇಬಿಟ್ಟಿತು. ಗುರುತು ಹಿಡಿದರು. "ಓ, ಮತ್ತೆ ಬಂದ್ರಾ" ಅಂದರು ಒಬ್ಬರು. ಅದರಲ್ಲಿ ಕೊಂಕಿತ್ತೋ, ಸುಮ್ನೆ ಅಂದರೋ, ಇವತ್ತಿಗೂ ತಿಳಿಯದು. "ಹೌದು ಸರ್" ಅಂದೆ. ಮುಂದಿನ ಪ್ರಶ್ನೆ ದ್ಯುತಿವಿದ್ಯುತ್ ಪರಿಣಾಮದ ಮೇಲೆ ಬಂತು. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಕಿವಿ ತಣ್ಣಗಾಗಿತ್ತು.

ಆ ವರ್ಷಗಳ ಬಗ್ಗೆ ನನ್ನ ಕೊರಗು ಬೇರೆಯೇ ಇದೆ. ಏಪ್ರಿಲ್, ಮೇ ಪೂರ್ತಿ ಬಿಡುವಿರುತ್ತಿತ್ತು. ಎಷ್ಟು ಓದಬಹುದಿತ್ತು! ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡುವಾಗ ಕ್ವಾಂಟಂ ಮೆಕ್ಯಾನಿಕ್ಸ್ ಅಂದರೆ ಮೆಸ್ಸಿನ ಊಟ ತಪ್ಪಿದರೂ ಏಳದೆ ಕೂತವಳು ನಾನು. ಆದರೆ ಜೂನ್ ತಿಂಗಳ ಆ ಮೇಜು ಏಪ್ರಿಲ್‌ನಲ್ಲೇ ನಮ್ಮ ಮನೆಗೆ ಬಂದು ಕೂರುತ್ತಿತ್ತು. ಪುಸ್ತಕ ಬಿಚ್ಚಿದರೆ "ಇದು ಬರದಿದ್ದರೆ ಅವರು ಏನಂದುಕೊಳ್ಳುತ್ತಾರೋ" ಅನ್ನುವುದೇ ಯೋಚನೆ. ಕೆಲಸ ಕಾಯಂ ಆದ ಮೇಲೂ ಓದುವ ಖುಷಿ ಮೊದಲಿನಷ್ಟು ವಾಪಸ್ ಬರಲಿಲ್ಲ. ಪಾಠ ಚೆನ್ನಾಗಿ ಮಾಡಿದೆ, ಆ ನೆಮ್ಮದಿ ಇದೆ. ಸಂಶೋಧನೆಗೆ ಹೋಗಬೇಕು ಅನ್ನುವುದು ಹಾಗೇ ಉಳಿಯಿತು. ನಿಮ್ಮ ತಾತನಿಗೆ ಕಾಯಿಲೆ, ಮನೆಗೆ ಸಂಬಳ ಬೇಕಿತ್ತು, ಯಾರನ್ನೂ ದೂರುವ ಹಾಗಿಲ್ಲ. ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಇನ್‌ಸ್ಟಿಟ್ಯೂಟಿನ ಓಪನ್ ಡೇಗೆ ಹೋದಾಗೆಲ್ಲ, ಅವರು ಲ್ಯಾಬ್‌ಗಳ ಮುಂದೆ ಸಾಲು ನಿಂತಿದ್ದರೆ, ನಾನು ಆ ದೊಡ್ಡ ಮರಗಳ ಕೆಳಗೆ ಸುಮ್ನೆ ನಡೆದಾಡುತ್ತಿದ್ದೆ. ಬಸ್ಸಿಗೆ ಹೊತ್ತಾಯಿತು ಮೇಡಂ ಅಂತ ಮಕ್ಕಳೇ ಬಂದು ಕರೆಯಬೇಕಾಗುತ್ತಿತ್ತು.

ಎಲ್ಲಿಗೋ ಹೋದೆ. ನಿನ್ನ ಮಾತಿಗೆ ಬರುತ್ತೇನೆ.

ಆಮೇಲೆ ನಾನೂ ಮೇಜಿನ ಆಚೆ ಕಡೆ ಕೂತೆನಲ್ಲ, ಅಲ್ಲಿ ಕಂಡದ್ದು ಹೇಳುತ್ತೇನೆ. ನಮ್ಮದು ಸಣ್ಣ ಕಾಲೇಜು, ಬೆಂಗಳೂರಿನ ಆ ಕೋಣೆಗೆ ಹೋಲಿಸುವುದು ಎಷ್ಟು ಸರಿಯೋ. ಬೆಳಗ್ಗೆ ಬಂದವರ ಮುಖಗಳು ಮಧ್ಯಾಹ್ನದ ಹೊತ್ತಿಗೆ ಕಲಸಿಹೋಗುತ್ತಿದ್ದವು. ಕೆಲವರು ಮಾತ್ರ ನೆನಪಿನಲ್ಲಿ ನಿಲ್ಲುತ್ತಿದ್ದರು. ಒಬ್ಬಳು ಕೈಕೂಸನ್ನು ಜಗಲಿಯಲ್ಲಿ ತಾಯಿಯ ಮಡಿಲಿಗೆ ಕೊಟ್ಟು ಒಳಗೆ ಬಂದಿದ್ದಳು. ಒಬ್ಬ ಹುಡುಗ ಬೋರ್ಡಿನ ಮೇಲೆ ತಪ್ಪು ಬರೆದ. ತಾನೇ ನೋಡಿಕೊಂಡು, ಅಂಗೈಯಲ್ಲಿ ಒರೆಸಿ, ಮೊದಲಿಂದ ಬರೆದ. ಯಾವ ಲೆಕ್ಕ, ಎಲ್ಲಿ ತಪ್ಪಿತ್ತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಒರೆಸಿದ್ದು ಗೊತ್ತು. ಹಿಂದಿನ ವರ್ಷ ಬಂದವರು ಮತ್ತೆ ಬಾಗಿಲಲ್ಲಿ ಕಂಡರೆ ನನಗೆ "ಈ ಹುಡುಗಿ ಇನ್ನೂ ಓದಿಕೊಂಡೇ ಇದ್ದಾಳೆ" ಅನ್ನಿಸುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಏನನ್ನಿಸುತ್ತಿತ್ತು ಅಂತ ನಾನು ಹೇಳಲಾರೆ. ಎಲ್ಲರ ಮನಸ್ಸೂ ಒಂದೇ ಅಲ್ಲ.

ಇದೇ ಯೋಚನೆಯಲ್ಲಿದ್ದಾಗ ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ನೆನಪಾದರು. ಆಗ ಅವರಿನ್ನೂ ಕಮಲಾ ಭಾಗವತ್. ಮುಂಬೈಯಲ್ಲಿ ಬಿ.ಎಸ್ಸಿ.ಗೆ ಮೊದಲ ಸ್ಥಾನ ಬಂದವರು 1933ರಲ್ಲಿ ಇದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಸಿ.ವಿ. ರಾಮನ್ ಅದೇ ವರ್ಷ ನಿರ್ದೇಶಕರಾಗಿದ್ದರು. ನೀನು ಸೇರಬೇಕು ಅನ್ನುವ ಭೌತಶಾಸ್ತ್ರ ವಿಭಾಗ ಶುರು ಮಾಡಿದವರೂ ಅವರೇ. ಹೆಣ್ಣುಮಕ್ಕಳನ್ನು ಸೇರಿಸುವುದಿಲ್ಲ ಅಂದುಬಿಟ್ಟರು. ಕಮಲಾ ಬೆಂಗಳೂರಿಗೇ ಬಂದು, ಎದುರು ನಿಂತು, ಯಾಕೆ ಅಂತ ಕೇಳಿದರು. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ, ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಲೆಕ್ಕಕ್ಕೆ. ಬೇಡ ಅಂದವರ ಕಣ್ಣೆದುರಿಗೇ ಒಂದು ವರ್ಷ, ಯೋಚಿಸಿ ನೋಡು. ಅವರು ಅಲ್ಲಿನ ಮೇಷ್ಟರು ಶ್ರೀನಿವಾಸಯ್ಯನವರ ಹತ್ತಿರ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿಕೊಂಡು ಹೋದರು. 1936ರಲ್ಲಿ ಎಂ.ಎಸ್ಸಿ. ಆಯಿತು, 1939ರಲ್ಲಿ ಕೇಂಬ್ರಿಡ್ಜಿನಲ್ಲಿ ಪಿಎಚ್.ಡಿ. ಆ ಅವಮಾನವನ್ನು ಮಾತ್ರ ವಯಸ್ಸಾದ ಮೇಲೂ ಮರೆಯಲಿಲ್ಲ. ಮರೆಯಬೇಕಾಗಿಯೂ ಇರಲಿಲ್ಲ. ಅವರಿಗೆ ಆದದ್ದು ಅನ್ಯಾಯ. ನಿನಗೆ ಹಾಗೇನೂ ಆಗಿಲ್ಲ, ಒಂದು ಪ್ರಶ್ನೆಯಲ್ಲಿ ತಡವರಿಸಿದೆ ಅಷ್ಟೇ. ದೊಡ್ಡವರ ಕತೆ ಹೇಳಿ ನಿನ್ನ ಬಾಯಿ ಮುಚ್ಚಿಸಬೇಕು ಅಂತ ಇದನ್ನು ಬರೆಯಲಿಲ್ಲ. ಅವರಿಗೂ ದಿನಾ ಎದುರಾಗುತ್ತಿದ್ದದ್ದು ಅದೇ ಮುಖ ಅಲ್ವಾ, ಅದೊಂದು ತಲೆಯಲ್ಲಿ ನಿಂತುಬಿಟ್ಟಿತು.

ಏನು ಮಾಡಬೇಕು ಅಂತ ನೀನು ಕೇಳಿಲ್ಲ. ಆದರೂ ಒಂದೆರಡು ಮಾತು ಹೇಳುತ್ತೇನೆ, ಬೇಡವಾದರೆ ಬಿಡು. ಗುರುತು ಹಿಡಿದು ಕೇಳಿದರೆ "ಹೌದು ಸರ್, ಹೋದ ವರ್ಷ ಬಂದಿದ್ದೆ" ಅನ್ನು. ಆ ಸ್ಪ್ರಿಂಗಿನ ವಿಷಯ ನೀನಾಗಿ ಎತ್ತಬೇಕಾ ಬೇಡವಾ ಅಂತ ನಾನೂ ತುಂಬ ಯೋಚಿಸಿದೆ. ಅವರು ಕೇಳಿದರೆ ಸಂತೋಷವಾಗಿ ಹೇಳು, ಕೇಳದಿದ್ದರೆ ಸುಮ್ಮನಿರು ಅನ್ನಿಸುತ್ತದೆ. ಬೋರ್ಡಿನ ಮೇಲೆ ಬರೆಯುವಾಗ ತಲೆಯಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳು. ಅರ್ಧ ದಾರಿಯಲ್ಲಿ ತಪ್ಪಿದರೂ ಅವರಿಗೆ ಎಲ್ಲಿ ತಪ್ಪಿದೆ ಅಂತ ಕಾಣುತ್ತದೆ, ಕೈ ಹಿಡಿಯಲು ಆಗುತ್ತದೆ. ಸುಮ್ಮನೆ ನಿಂತವರಿಗೆ ಅವರಾದರೂ ಏನು ಸುಳಿವು ಕೊಟ್ಟಾರು? ನಮ್ಮ ಹಿತ್ತಿಲ ಕೋಣೆಯಲ್ಲಿ ನಾನು ಟ್ಯೂಷನ್ ಮಾಡುತ್ತಿದ್ದ ಕರಿಹಲಗೆ ಇನ್ನೂ ಇದೆ. ಬೇಕಾದರೆ ಆಟೋದಲ್ಲಿ ಹಾಕಿ ಕಳಿಸುತ್ತೇನೆ.

ಜಾಮ್ ಅಂಕ ಆ ವರ್ಷಕ್ಕೆ ಮಾತ್ರ, ಹಾಗಾಗಿ ಫೆಬ್ರವರಿಯಲ್ಲಿ ಮತ್ತೆ ಬರೆಯಲೇಬೇಕು. ಅದು ನಿನಗೆ ಗೊತ್ತಿದ್ದದ್ದೇ. ಉತ್ತರದ ಸಂಖ್ಯೆಯನ್ನು ನಾವೇ ತುಂಬುವ ಪ್ರಶ್ನೆಗಳಿಗೆ ತಪ್ಪಾದರೂ ಅಂಕ ಕಳೆಯುವುದಿಲ್ಲ, ಅವನ್ನು ಖಾಲಿ ಬಿಡಬೇಡ. ಸಂಶೋಧನಾ ಸಂಸ್ಥೆಗಳಿಗೆ ಸೇರುವ ಜೆಸ್ಟ್ ಪರೀಕ್ಷೆಯನ್ನೂ ಬರಿ. ಇನ್‌ಸ್ಟಿಟ್ಯೂಟ್ ಒಂದೇ ಅಂತ ಕೂರಬೇಡ. ಹೀಗೆ ಹೇಳುವಾಗ ನನಗೇ ಸ್ವಲ್ಪ ಕಷ್ಟವಾಗುತ್ತದೆ, ಯಾಕೆಂದರೆ ನೀನು ಅಲ್ಲಿಗೇ ಹೋಗಬೇಕು ಅಂತ ನನಗೆ ನಿನಗಿಂತ ಜಾಸ್ತಿ ಆಸೆ. ಆ ಆಸೆಯ ಭಾರ ನಿನ್ನ ಮೇಲೆ ಬೀಳುವುದು ಬೇಡ.

ಇಷ್ಟು ಬರೆದ ಮೇಲೂ ನಿನ್ನ ಭಯ ಹೋಗಿರುವುದಿಲ್ಲ, ನನಗೆ ಗೊತ್ತು. ಮೇ ತಿಂಗಳಲ್ಲಿ ಬಾಗಿಲು ತೆಗೆದು ಒಳಗೆ ಹೋದಾಗ ಅದೇ ಕನ್ನಡಕ, ಅದೇ ಬಿಳಿ ಗಡ್ಡ ಕಂಡರೆ ಎದೆ ಒಂದು ಸಲ ಧಸಕ್ಕೆನ್ನುತ್ತದೆ. ಅನ್ನಲಿ. ಒಂದು ನಿಮಿಷ ಕೊಡಿ ಸರ್ ಅಂತ ಕೇಳಿ ನೀರು ಕುಡಿ. ಮೇ ತಿಂಗಳಿನದು ಮೇ ತಿಂಗಳಲ್ಲಿ ಆಗಲಿ. ಈಗ ನವೆಂಬರ್, ಡಿಸೆಂಬರ್, ಜನವರಿ ನಿನ್ನವು. ಅವನ್ನು ಅವರಿಗೆ ಕೊಡಬೇಡ ಪುಟ್ಟಾ.

ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ. ನನ್ನ ತಮ್ಮ ಅವನು, ನನ್ನ ಮಾತು ತೆಗೆದುಹಾಕುವುದಿಲ್ಲ. ಬಿ.ಎಡ್. ಅರ್ಜಿಗೆ ದುಡ್ಡು ಕಟ್ಟುವುದು ಸದ್ಯಕ್ಕೆ ನಿಲ್ಲಿಸಲು ಹೇಳುತ್ತೇನೆ. ನೀನು ಅದರ ಮಧ್ಯೆ ಹೋಗಿ ಜಗಳ ಮಾಡಬೇಡ.

ಇನ್ನೊಂದು. ಲಿಫ್ಟು ಬೀಳುವಾಗ ಆ ತೂಕ ತನ್ನ ಮೊದಲಿನ ಜಾಗದಿಂದ ಒಟ್ಟು ಎಷ್ಟು ಮೇಲಕ್ಕೆ ಹೋಗುತ್ತದೆ? ನಾನು ಒಂದು ಉತ್ತರ ಬರೆದಿಟ್ಟಿದ್ದೇನೆ. ನೀನು ಪುಸ್ತಕ ನೋಡದೆ ಮಾಡಿ ಕಳಿಸು. ಚಿತ್ರವನ್ನೂ ಬಿಡಿಸು.

ನಿನ್ನ ಅತ್ತೆ