ಪುಣೆಯ ಜೀಪಿನ ಟಾಪಿಗೊಂದು ಬೀಗ

ಟೊಲಿಡೊ, ಒಹಾಯೊ

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರ.

ಚೌತಿಗೆ ನೀವು ಪುಣೆಗೆ ಹೊರಟಿದ್ದೀರಿ ಅಂತ ಅವ್ವ ಹೇಳಿದಳು. ತಮ್ಮನ ರ‍್ಯಾಂಗ್ಲರಿನ ಹಾರ್ಡ್‌ಟಾಪ್, ಅಂದರೆ ಜೀಪಿನ ಬಿಚ್ಚಬಹುದಾದ ಗಟ್ಟಿ ಚಾವಣಿ, ಕಳುವಾಗದಂತೆ ಭದ್ರ ಮಾಡುವ ಕೆಲಸ ನಿಮ್ಮ ಕೈಯಿಂದಲೇ ಆಗಬೇಕು. ಅವನಿಗೆ ಬರೆದರೆ ‘ಆತು’ ಅಂದು ಮರೆತುಬಿಡುತ್ತಾನೆ. ಪುಣೆಯ ಹತ್ತಿರದ ರಾಂಜಣಗಾಂವದಲ್ಲಿ ಈ ಗಾಡಿಯನ್ನು ಜೋಡಿಸಲು ಶುರುಮಾಡಿದ್ದು 2021ರಲ್ಲಿ, ಆದರೆ ಅದರ ತವರು ನಾನಿರುವ ಈ ಟೊಲಿಡೊ. ಮಾಲೀಕ ಸಲೀಸಾಗಿ ಬಿಚ್ಚಲಿ ಅಂತ ಮಾಡಿದ ಟಾಪ್ ಅದು. ಕಳ್ಳನಿಗೂ ಅಷ್ಟೇ ಸಲೀಸು.

ಟಾಪ್ ಅಂದರೆ ಒಂದೇ ತುಂಡಲ್ಲ. ಮುಂದಿನ ಸೀಟುಗಳ ಮೇಲೆ ಎರಡು ಹಲಗೆ, ಹಿಂದೆ ಗಾಜು ಕೂತ ದೊಡ್ಡ ಚಿಪ್ಪು. ಹಲಗೆಗಳಿಗೆ ಪಾನಾ ಸಹ ಬೇಡ, ಒಳಗಿನ ಲೀವರ್ ತಿರುಗಿಸಿದರೆ ಕೈಗೆ ಬರುತ್ತವೆ. ಹಗುರ, ಯಾವ ಕಾರಿನ ಹಿಂದಿನ ಸೀಟಿನಲ್ಲಾದರೂ ಹಿಡಿಯುತ್ತವೆ. ಹೆಚ್ಚಿನ ಭಯ ಇವುಗಳದ್ದೇ. ಚಿಪ್ಪು ಟಾರ್ಕ್ಸ್ ತಲೆಯ, ಅಂದರೆ ಆರು ಎಸಳಿನ ಹೂವಿನಂಥ ಗುಳಿ ಇರುವ, ಬೋಲ್ಟುಗಳ ಮೇಲೆ ಕೂತಿದೆ. ಅದನ್ನು ಎತ್ತಲು ಮೂರು ನಾಲ್ಕು ಜನ ಬೇಕು, ಜೊತೆಗೆ ಹಿಂದಿನ ವೈಪರ್‌ನ ವೈರು ಮತ್ತು ನೀರಿನ ಕೊಳವೆ ಬಿಚ್ಚಬೇಕು.

ಮೊದಲು ಚಿಪ್ಪಿನದು ಹೇಳುತ್ತೇನೆ. ಎಲ್ಲಾ ಬೋಲ್ಟ್ ಬದಲಿಸುವ ಅಗತ್ಯವಿಲ್ಲ. ಪ್ರತಿ ಪಕ್ಕದಲ್ಲಿ ಕೈ ಹೋಗಲು ಕಷ್ಟವಾದ ಒಂದೊಂದು ಸಾಕು, ಆ ಎರಡು ಬರದಿದ್ದರೆ ಚಿಪ್ಪು ಏಳುವುದಿಲ್ಲ. ಒಂದು ಬೋಲ್ಟ್ ತೆಗೆದು ರವಿವಾರ ಪೇಠೆಯ ಬೋಹರಿ ಆಳಿ ಎಂಬ ಓಣಿಯ ಬೋಲ್ಟ್ ಅಂಗಡಿಗೆ ಒಯ್ಯಿರಿ, ಥ್ರೆಡ್ ಗೇಜ್ ಹಾಕಿಯೇ ಕೊಳ್ಳಿರಿ. 8 ಮಿ.ಮೀ. ಬೋಲ್ಟಿನಲ್ಲೇ ಪಿಚ್, ಅಂದರೆ ಥ್ರೆಡ್ಡಿನ ಎರಡು ಎಳೆಗಳ ನಡುವಿನ ಅಂತರ, 1.25 ಮಿ.ಮೀ. ಇರುವುದು ಒಂದು, 1.0 ಇರುವುದು ಇನ್ನೊಂದು. ತಪ್ಪಾದದ್ದು ಎರಡು ಸುತ್ತು ಚೆನ್ನಾಗಿ ಹೋಗಿ ಆಮೇಲೆ ಒಳಗಿನ ನಟ್ಟಿನ ಥ್ರೆಡ್ಡನ್ನೇ ತಿಂದುಬಿಡುತ್ತದೆ. ಉದ್ದವೂ ಅಷ್ಟೇ ಇರಲಿ. ಒಂದು ನೂಲು ಹೆಚ್ಚಾದರೂ ತುದಿ ತಳಕ್ಕೆ ತಾಗಿ ನಿಂತು ಟಾಪ್ ಬಿಗಿಯಾಗುವುದಿಲ್ಲ, ಪುಣೆಯ ಮಳೆ ಸೀಟಿನ ಮೇಲೆ ಬರುತ್ತದೆ.

ತಲೆ ಯಾವುದು? ಅಂಗಡಿಯವನು ನಡುವೆ ಕಡ್ಡಿಯಿರುವ ಆರು ಎಸಳಿನ ಟಾರ್ಕ್ಸ್ ಕೊಡುತ್ತಾನೆ. ಬೇಡ ಅನ್ನಿ, ಅದಕ್ಕೆ ಹೊಂದುವ ಬಿಟ್ ಎಲ್ಲರ ಡಬ್ಬಿಯಲ್ಲೂ ಇರುತ್ತದೆ. ಐದು ಎಸಳಿನ ಕಡ್ಡಿಯ ತಲೆ ಸಿಕ್ಕರೆ ಒಳ್ಳೆಯದು. ಚಕ್ರದ ಲಾಕ್ ನಟ್ಟಿನ ಹಾಗೆ ತನ್ನದೇ ಕೀಲಿ ಇರುವ ಬೋಲ್ಟ್ ಇನ್ನೂ ಉತ್ತಮ. ತಲೆ ಮುರಿದುಕೊಳ್ಳುವ ಶಿಯರ್ ಬೋಲ್ಟ್ ಹಾಕಿಸಬೇಡಿ, ಎಂದಾದರೂ ಟಾಪ್ ಇಳಿಸಲೇಬೇಕಲ್ಲ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟಾದ ಕೆಂಪು ಥ್ರೆಡ್‌ಲಾಕರ್ ಸಹ ಬೇಡ. ಅದು ಬಿಡಬೇಕೆಂದರೆ 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಅಷ್ಟರಲ್ಲಿ ಪಕ್ಕದ ಚಿಪ್ಪೇ ಸುಟ್ಟಿರುತ್ತದೆ. ನೀಲಿಯದು ಎರಡು ಹನಿ ಸಾಕು.

ಬದಲಿಸುವಾಗ ಒಂದನ್ನು ತೆಗೆದು, ಅದರ ಜಾಗಕ್ಕೆ ಹೊಸದು ಹಾಕಿ, ನಂತರ ಇನ್ನೊಂದು. ಎಲ್ಲಾ ಒಮ್ಮೆಗೇ ಸಡಿಲಿಸಿದರೆ ಚಿಪ್ಪು ಸರಿದು ರಬ್ಬರ್ ಮಡಚಿಕೊಳ್ಳುತ್ತದೆ. ಮೊದಲ ನಾಲ್ಕು ಸುತ್ತು ಕೈಬೆರಳಿನಿಂದಲೇ. ನಿಮ್ಮ ಲೇಥ್ ಕಾಲದ ಉದ್ದ ಪಾನಾ ದಯವಿಟ್ಟು ಧಾರವಾಡದಲ್ಲೇ ಇರಲಿ, ಸಣ್ಣ ರ‍್ಯಾಚೆಟ್ ಸಾಕು.

ಹಲಗೆಗಳಿಗೆ 2 ಮಿ.ಮೀ. ಸ್ಟೀಲ್ ತಗಡನ್ನು ಬಗ್ಗಿಸಿ, ಒಂದೊಂದು ಲೀವರ್ ತಿರುಗದಂತೆ ಹಿಡಿಯುವ ಮುಚ್ಚಳ ಮಾಡಿಸಿ ಸಣ್ಣ ಬೀಗ ಹಾಕಿ. ನಂಬಿಕೆಯ ಫ್ಯಾಬ್ರಿಕೇಟರ್ ಬೇಕಾದರೆ ಗಣೇಶನಗರದ ಕನ್ನಡ ಸಂಘದಲ್ಲಿ ನಮ್ಮ ಕಡೆಯ ಯಾರನ್ನಾದರೂ ಕೇಳಿ. ಅಂಚುಗಳನ್ನು ಅರದಿಂದ ಸಂಪೂರ್ಣ ಉಜ್ಜಿಸಿರಿ. ತಲೆಯ ಮೇಲಿರುವ ಕಬ್ಬಿಣ ಅದು, ಬ್ರೇಕ್ ಹೊಡೆದರೆ ಹಣೆಗೆ ಬರುತ್ತದೆ. ಗಾಡಿ 2024ರ ಅಥವಾ ಆಮೇಲಿನ ಮಾದರಿಯಾದರೆ ಪಕ್ಕದ ಪರದೆ ಏರ್‌ಬ್ಯಾಗ್ ಇದೆ, ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಏನನ್ನೂ ಕೂರಿಸಬೇಡಿ.

ಇಷ್ಟೆಲ್ಲ ಮಾಡಿಯೂ ಕಿಟಕಿ ಒಡೆದು, ಸಾಕಷ್ಟು ಸಮಯ ಸಿಕ್ಕವನು ಒಯ್ದೇ ಒಯ್ಯುತ್ತಾನೆ. ನಾವು ಕೊಡುತ್ತಿರುವುದು ತಡ, ಅಷ್ಟೇ. ಅದಕ್ಕೇ ಗಾಡಿಯ 17 ಅಕ್ಷರದ ಚಾಸಿ ನಂಬರನ್ನು ಮೂರೂ ತುಂಡುಗಳ ಒಳಮೈಯಲ್ಲಿ ಆಳವಿಲ್ಲದಂತೆ ಕೊರೆಸಿ ಫೋಟೋ ಇಟ್ಟುಕೊಳ್ಳಿ. ಬಿಚ್ಚಿಟ್ಟ ಟಾಪ್ ಕಳುವಾದರೆ ಪರಿಹಾರ ಉಂಟೋ ಇಲ್ಲವೋ ಎಂದು ವಿಮೆಯವರಿಂದ ಬರಹದಲ್ಲೇ ಉತ್ತರ ಪಡೆಯಲು ತಮ್ಮನಿಗೆ ಹೇಳಿ.

ನಿಜವಾದ ಕಳವಳ ಬೇಸಿಗೆಯದು. ಹಲಗೆ ಬಿಚ್ಚಿ ಪಾರ್ಕಿಂಗ್ ಗೋಡೆಗೆ ಒರಗಿಸಿ ಇಡುತ್ತಾನಂತೆ! ಅವು ಚೀಲದೊಳಗೆ ಮನೆಗೇ ಹೋಗಬೇಕು, ಮಂಚದ ಕೆಳಗಾದರೂ ಸರಿ, ಮೇಲೆ ಭಾರ ಇಡಬಾರದು. ಬಿಚ್ಚಿದ ಚಿಪ್ಪು ಕೆಳಗೆ ಪಾರ್ಕಿಂಗಿನಲ್ಲೇ ಇರುವುದಾದರೆ ಅದರಲ್ಲಿ ಸರಪಳಿ ಪೋಣಿಸಲು ಮುಚ್ಚಿದ ಕಿಂಡಿಯೇ ಇಲ್ಲ. ಎರಡು ಬೋಲ್ಟ್ ತೂತಿಗೆ ತಲೆಯಲ್ಲಿ ಉಂಗುರವಿರುವ ಐ-ಬೋಲ್ಟ್ ಹಾಕಿ, ಅದರ ನಟ್ಟು ಬಿಚ್ಚಿಬರದಂತೆ ಬೋಲ್ಟಿನ ತುದಿಯ ಥ್ರೆಡ್ ಜಜ್ಜಿ, ಅಲ್ಲಿಂದ ಕಂಬಕ್ಕೆ ಸರಪಳಿ ಬಿಗಿಯಿರಿ. ಭಾರ ಗಾಜಿನ ಮೇಲಾಗಲಿ ರಬ್ಬರ್ ಮೇಲಾಗಲಿ ಕೂರದಂತೆ ಕೆಳಗೆ ಫೋಮ್ ಇರಲಿ.

ಬೋಲ್ಟಿನ ಕೀಲಿ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಬೇಡವೇ ಬೇಡ. ಒಂದು ತಮ್ಮನ ಮನೆಯಲ್ಲಿ, ಇನ್ನೊಂದು ಅವ್ವನ ದೇವರಮನೆಯ ಡಬ್ಬಿಯಲ್ಲಿ. ಅವಳಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗ