ತೋಟ ಬೆಳ್ಳಗಾಗುವ ಮೂರು ದಿನ

ಪ್ರೀತಿಯ ಪೋಷಕರೇ,

ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ವಾರವಾಯಿತು. ಇನ್ನೆರಡು ದಿನದಲ್ಲಿ ನಿಮ್ಮ ರೋಬಸ್ಟಾ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳುತ್ತವೆ. ಏಳನೇ ತರಗತಿಯಲ್ಲಿ ಈಗ ನಡೆಯುತ್ತಿರುವುದೂ ಹೂವಿನ ಪಾಠವೇ.

ಶಾಲೆಯ ಕೈತೋಟದ ಒಂದು ಸಂಗತಿ ಹೇಳುತ್ತೇನೆ. ಈ ಸಲ ಸಿಹಿಗುಂಬಳದ ಬಳ್ಳಿಯಲ್ಲಿ ಹೂ ಜಾಸ್ತಿ, ಕಾಯಿ ಇಲ್ಲ. ಮಿಡಿಗಳೆಲ್ಲ ಹಳದಿಯಾಗಿ ಉದುರುತ್ತಿದ್ದವು. ಒಂದು ದಿನ ಮಕ್ಕಳೊಂದಿಗೆ ಬೆಳಿಗ್ಗೆ ಬೇಗ ಹೋಗಿ ನೋಡಿದೆ. ಗಂಡು ಹೂವಿನ ತೊಟ್ಟು ಉದ್ದ, ಸಪೂರ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕುಂಬಳಕಾಯಿ ಆಗಲೇ ಕೂತಿರುತ್ತದೆ. ಕುಂಬಳದ ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ. ಜೇನೇ ಬರಬೇಕು, ಅದೂ ಮಧ್ಯಾಹ್ನ ಹೂ ಬಾಡುವುದರೊಳಗೆ. ಒಬ್ಬಳು ಹುಡುಗಿ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದಳು. ಆ ಮಿಡಿ ಉದುರಲಿಲ್ಲ. ಈಗ ತೆಂಗಿನಕಾಯಿ ಗಾತ್ರ ಆಗಿದೆ. ದಿನಾ ಬಂದು ಮುಟ್ಟಿ ನೋಡುತ್ತಾಳೆ.

ನಿಮ್ಮ ಕಾಫಿಗೂ ಇದೇ ಲೆಕ್ಕ. ಅರೇಬಿಕಾ ತನ್ನದೇ ಪರಾಗದಲ್ಲಿ ಕಾಯಿ ಕಚ್ಚುತ್ತದೆ. ರೋಬಸ್ಟಾಗೆ ಅದು ಆಗುವುದಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಗಾಳಿ ಒಂದಿಷ್ಟು ತರುತ್ತದೆ. ಹೆಜ್ಜೇನು, ತುಡುವೆ, ಮಿಸರಿ ಜೇನುಗಳೂ ತರುತ್ತವೆ. ಕಾಫಿ ಹೂವಿಗೆ ಆ ಘಮ ಇರುವುದು ಅವನ್ನು ಕರೆಯೋದಕ್ಕೇ ಅಲ್ವಾ? ನೆರಳಿಗೆ ಹಾಕಿದ ಹಾಲುವಾಣದ ಕೆಂಪು ಹೂ ಮಾತ್ರ ಹಕ್ಕಿಗಳಿಗೆ. ಜೇನಿನ ಕಣ್ಣಿಗೆ ಕೆಂಪು ಬಣ್ಣ ಕಾಣುವುದಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಹೂ ಅರಳಿರುವ ಎರಡು ಮೂರು ದಿನ ತೋಟಕ್ಕೆ ಔಷಧಿ ಹೊಡೆಯಬೇಡಿ. ಹೂ ಬಾಡಿದ ಮೇಲೆ ಹೊಡೆದರಾಯಿತು. ಹೆಜ್ಜೇನು ಗೂಡಿಗೆ ಬೆಂಕಿಯನ್ನೂ ಹಿಡಿಯಬೇಡಿ. ಕಳೆದ ವರ್ಷ ಶಾಲೆಯ ಹಿಂದಿನ ಮರದಲ್ಲಿ ಯಾರೋ ರಾತ್ರಿ ಹಾಗೆ ಮಾಡಿದ್ದರು. ಬೆಳಿಗ್ಗೆ ಮಕ್ಕಳು ಬರುವಾಗ ರೆಕ್ಕೆ ಸುಟ್ಟ ಜೇನುಗಳು ನೆಲದಲ್ಲಿ ತೆವಳುತ್ತಿದ್ದವು. ಒಂದನೇ ತರಗತಿಯವನೊಬ್ಬ ಎಲೆಯಲ್ಲಿ ಒಂದನ್ನು ಎತ್ತಿಕೊಂಡು ನನ್ನ ಹತ್ತಿರ ತಂದ. ಅವನಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ಹೂ ಅರಳಿದ ದಿನ ನಿಮ್ಮ ಮಗುವನ್ನು ಬೆಳಿಗ್ಗೆ ಹತ್ತು ನಿಮಿಷ ತೋಟಕ್ಕೆ ಕರೆದುಕೊಂಡು ಹೋಗಿ. ಒಂದೇ ರೆಂಬೆಯ ಮುಂದೆ ಸುಮ್ನೆ ನಿಂತು, ಯಾರ‍್ಯಾರು ಬಂದರು ಅಂತ ಎಣಿಸಲಿ. ಪುಸ್ತಕದಲ್ಲಿ ಬರೆದು ತರಲಿ. ಗೂಡಿನ ಹತ್ತಿರ ಮಾತ್ರ ಬೇಡ. ಜೇನು ಕಚ್ಚಿ ಮೈ ಊದಿದ್ದು, ಉಸಿರು ಕಟ್ಟಿದ್ದು ಯಾವ ಮಗುವಿಗಾದರೂ ಇದ್ದರೆ ಈ ವಾರವೇ ತರಗತಿ ಶಿಕ್ಷಕರಿಗೆ ತಿಳಿಸಿ.

ಇಂತಿ,
ಮುಖ್ಯ ಶಿಕ್ಷಕಿ